ಕನ್ನಡ ಓದುವ ಮಕ್ಕಳಿಗೆ ಡಿಸ್ಲೆಕ್ಸಿಯಾ ಬರುವುದಿಲ್ಲವೇ? ಶಾಲೆ ಏನು ಮಾಡಬಹುದು?

‘ಕನ್ನಡವನ್ನು ಮಾತನಾಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಡಿಸ್ಲೆಕ್ಸಿಯಾ ಏನಿದ್ದರೂ ಇಂಗ್ಲಿಷ್ ಮೀಡಿಯಂ ಮಕ್ಕಳ ಸಮಸ್ಯೆ. ನಮ್ಮ ಮಕ್ಕಳದ್ದು ಬರೀ ಸೋಮಾರಿತನ, ಮೊಬೈಲ್ ಚಟ.’ ಈ ಮಾತನ್ನು ನೀವೂ ಕೇಳಿರಬಹುದು, ಫಾರ್ವರ್ಡ್ ಕೂಡ ಮಾಡಿರಬಹುದು. ಇದು ನಿಜವೇ?

ಒಂದೇ ಮಾತಿನಲ್ಲಿ ಹೇಳುವುದಾದರೆ, ನಿಜವಲ್ಲ. ಕನ್ನಡದಲ್ಲಿ ಓದುವ ಮಕ್ಕಳಲ್ಲೂ ಡಿಸ್ಲೆಕ್ಸಿಯಾ ಇದೆ. ಆದರೆ ಅದು ಇಂಗ್ಲಿಷಿನಲ್ಲಿ ಕಾಣುವಂತೆ ಕಾಣುವುದಿಲ್ಲ. ಹಾಗಾಗಿಯೇ ನಮ್ಮ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಏನಿದು ಡಿಸ್ಲೆಕ್ಸಿಯಾ?

ಬುದ್ಧಿ ಚುರುಕಾಗಿದೆ, ಕಿವಿ ಕೇಳುತ್ತದೆ, ಕಣ್ಣು ಕಾಣುತ್ತದೆ, ಶಾಲೆಗೂ ತಪ್ಪದೆ ಹೋಗುತ್ತದೆ. ಆದರೂ ಮಗುವಿಗೆ ಓದು, ಬರಹ ಕೈಗೆ ಹತ್ತುವುದಿಲ್ಲ. ಅಕ್ಷರಕ್ಕೂ ಅದರ ಧ್ವನಿಗೂ ಇರುವ ನಂಟನ್ನು ಮಿದುಳು ಸಲೀಸಾಗಿ ಜೋಡಿಸಿಕೊಳ್ಳದಿರುವುದು ಇದರ ಮುಖ್ಯ ಕಾರಣ. ಇದು ಕಾಯಿಲೆಯಲ್ಲ, ದಡ್ಡತನವೂ ಅಲ್ಲ. ಮನೆತನದಲ್ಲಿ ಹರಿದು ಬರುವುದೂ ಉಂಟು.

ಹಾಗೆಂದು ಓದಲು ಬಾರದ ಪ್ರತಿ ಮಗುವಿಗೂ ಡಿಸ್ಲೆಕ್ಸಿಯಾ ಎನ್ನಲಾಗದು. ಕಿವಿಯ ತೊಂದರೆ, ಕನ್ನಡಕದ ಅಗತ್ಯ, ತುಂಬಾ ದಿನ ಶಾಲೆ ತಪ್ಪಿದ್ದು, ಮನೆಮಾತು ಬೇರೆ ಇರುವುದು ಇವೂ ಕಾರಣವಾಗಬಹುದು. ಮೊದಲು ಇವನ್ನು ನೋಡಬೇಕು.

ಕನ್ನಡದಲ್ಲಿ ಹೇಗೆ ಕಾಣುತ್ತದೆ?

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಹೆಸರನ್ನೇ ತೆಗೆದುಕೊಳ್ಳೋಣ. ‘ಹದಿನಾರು’ ಎಂದು ಓದಲು ಮಗು ನಾಲ್ಕು ಅಕ್ಷರ ಗುರುತಿಸಿದರೆ ಸಾಲದು. ‘ದಿ’ಯ ಗುಡಿಸು, ‘ನಾ’ದ ದೀರ್ಘ, ‘ರು’ವಿನ ಕೊಂಬು ಮೂರನ್ನೂ ಹಿಡಿಯಬೇಕು. ಡಿಸ್ಲೆಕ್ಸಿಯಾ ಇರುವ ಮಗು ಇದನ್ನು ‘ಹದನರು’ ಎಂದು ಓದಬಹುದು, ಅಥವಾ ಒಂದೊಂದೇ ಅಕ್ಷರ ಬಿಡಿಸಿ ಕೊನೆಗೆ ಬರುವಷ್ಟರಲ್ಲಿ ಮೊದಲನೆಯದನ್ನು ಮರೆಯಬಹುದು. ಅದೇ ತಾಲ್ಲೂಕಿನ ‘ಹುಲ್ಲಹಳ್ಳಿ’ಯಲ್ಲಿ ಒತ್ತಕ್ಷರಗಳಿವೆ. ಬರೆಯುವಾಗ ಅದು ‘ಹುಲಹಳಿ’ ಆಗಬಹುದು.

ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತ ಸೇರಿಸಿದರೆ 400ಕ್ಕೂ ಹೆಚ್ಚು ರೂಪಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಕನ್ನಡದ ಅಕ್ಷರಗಳನ್ನು ಪೂರ್ತಿ ಕಲಿಯಲು ಮಕ್ಕಳಿಗೆ ಮೊದಲೆರಡು ವರ್ಷ ಸಾಲದು. ಎಲ್ಲ ಮಕ್ಕಳಿಗೂ ಹೀಗಿರುವಾಗ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇನ್ನೂ ಹೆಚ್ಚು ಸಮಯ, ಹೆಚ್ಚು ಅಭ್ಯಾಸ ಬೇಕು. ಆ ಮಗು ತಪ್ಪು ಓದುವುದಕ್ಕಿಂತ ನಿಧಾನವಾಗಿ ಓದುವುದೇ ಹೆಚ್ಚು. ನಿಧಾನವನ್ನು ನಾವು ಸೋಮಾರಿತನ ಎಂದುಕೊಳ್ಳುತ್ತೇವೆ.

ನಾಲ್ಕನೇ ತರಗತಿಯಲ್ಲಿ ಎಡವುವುದು ಏಕೆ?

ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಹುಟ್ಟಿದ್ದು ಮೈಸೂರು ಜಿಲ್ಲೆಯದ್ದೇ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ‘ರ ಗ ಸ ದ ಅ’ದಿಂದ ಶುರುವಾಗುವ ಈ ಕಲಿಕೆಯಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನಿಧಾನವಾದರೂ ನಡೆಯುತ್ತದೆ. ಆದರೆ ನಲಿ-ಕಲಿ ಇರುವುದು ಮೂರನೇ ತರಗತಿಯವರೆಗೆ. ನಾಲ್ಕನೆಯದಕ್ಕೆ ಬಂದಾಗ ಪಠ್ಯಪುಸ್ತಕ ಎಲ್ಲರಿಗೂ ಒಂದೇ ವೇಗದಲ್ಲಿ ಓಡುತ್ತದೆ. ಅಲ್ಲಿಯವರೆಗೆ ಓದಲು ಕಲಿಯುತ್ತಿದ್ದ ಮಗು ಇನ್ನು ಮುಂದೆ ಓದಿ ಕಲಿಯಬೇಕು. ಓದು ಬಾರದಿದ್ದರೆ ಗಣಿತ, ವಿಜ್ಞಾನ, ಸಮಾಜ ಎಲ್ಲವೂ ಕೈತಪ್ಪುತ್ತವೆ. ಹೀಗೇ ತಳ್ಳಿಕೊಂಡು ಹೋದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಮಗುವೇ ‘ನಾನು ದಡ್ಡ’ ಎಂದು ನಂಬಿರುತ್ತದೆ.

ಶಾಲೆ ನಾಳೆಯಿಂದಲೇ ಮಾಡಬಹುದಾದದ್ದು

ಇವಕ್ಕೆ ಪ್ರಮಾಣಪತ್ರವೂ ಬೇಡ, ಅನುದಾನವೂ ಬೇಡ:

• ದಿನಕ್ಕೆ 20 ನಿಮಿಷ, ಮೂರು-ನಾಲ್ಕು ಮಕ್ಕಳ ಗುಂಪಿಗೆ ಧ್ವನಿಯಿಂದ ಅಕ್ಷರಕ್ಕೆ ಹೋಗುವ ಪಾಠ. ‘ರ್’ ಜೊತೆಗೆ ‘ಉ’ ಸೇರಿದರೆ ‘ರು’ ಎಂದು ಬಿಡಿಸಿ, ಕೂಡಿಸಿ, ಬಾಯಲ್ಲಿ ಹೇಳಿಸಿ, ಕೈಯಲ್ಲಿ ತಿದ್ದಿಸುವುದು. ಒಂದು ಚಿಹ್ನೆ ಗಟ್ಟಿಯಾದ ಮೇಲೆ ಮುಂದಿನದು.

• ಎಲ್ಲರ ಮುಂದೆ ಇದ್ದಕ್ಕಿದ್ದಂತೆ ಎಬ್ಬಿಸಿ ಓದಿಸದಿರುವುದು. ಯಾವ ಸಾಲು ಓದಬೇಕೆಂದು ಹಿಂದಿನ ದಿನವೇ ಹೇಳಿದರೆ ಮಗು ತಯಾರಾಗಿ ಬರುತ್ತದೆ.

• ವಿಜ್ಞಾನ, ಸಮಾಜ ವಿಷಯಗಳಲ್ಲಿ ಪ್ರಶ್ನೆಯನ್ನು ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳುವುದು. ಅಲ್ಲಿ ಪರೀಕ್ಷೆಯಾಗಬೇಕಿರುವುದು ವಿಷಯ, ಕಾಗುಣಿತವಲ್ಲ.

• ಬೋರ್ಡಿನಿಂದ ಪುಟಗಟ್ಟಲೆ ನಕಲು ಮಾಡಿಸದಿರುವುದು. ತಪ್ಪಿಗೆ ನೂರು ಸಲ ಬರೆಸುವ ಶಿಕ್ಷೆಯಿಂದ ಕೈ ನೋಯುತ್ತದೆ, ಓದು ಬರುವುದಿಲ್ಲ.

• ಮನೆಯಲ್ಲಿ ಪೋಷಕರು ಪಾಠ ಓದಿ ಹೇಳುವುದು. ಅವರಿಗೂ ಓದು ಬಾರದಿದ್ದರೆ ಆ್ಯಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯ ಬಳಸಬಹುದು.

ಕಾನೂನು ಏನು ಹೇಳುತ್ತದೆ?

ಇದು ಮೇಷ್ಟ್ರು ತೋರಿಸುವ ದಯೆಯಲ್ಲ, ಮಗುವಿನ ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಒಂದು. ಡಿಸ್ಲೆಕ್ಸಿಯಾ ಅದರಲ್ಲೇ ಬರುತ್ತದೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನೆ ಕೊಡಬೇಕು ಎಂದು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಸರ್ಕಾರಿ ಶಾಲೆಗೂ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದು ಅನ್ವಯ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಇವು 17ನೇ ಸೆಕ್ಷನ್‌ನಲ್ಲಿವೆ.

ಮೂರನೇ ತರಗತಿ ಅಥವಾ 8 ವರ್ಷ, ಯಾವುದು ಮೊದಲೋ ಆಗ ಶಿಕ್ಷಕರೇ ಪ್ರಾಥಮಿಕ ತಪಾಸಣೆ ಮಾಡಬೇಕು ಎಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತು. ಇದಕ್ಕಾಗಿಯೇ ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಎಂಬ ಆ್ಯಪ್ ಇದೆ. ‘ಶೇ 40ಕ್ಕಿಂತ ಕಡಿಮೆ ಇದ್ದರೆ ಬರಹಗಾರರ ನೆರವು ಸಿಗದು’ ಎಂದು ಯಾರಾದರೂ ಹೇಳಿದರೆ, ಆ ವಾದವನ್ನು ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಒಪ್ಪಿಲ್ಲ ಎಂಬುದು ನೆನಪಿರಲಿ.

ಎಲ್ಲಿ ತೋರಿಸುವುದು?

ಮೈಸೂರು ಭಾಗದವರಿಗೆ ದೊಡ್ಡ ಅನುಕೂಲವೊಂದಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಅಂದರೆ ‘ಆಯಿಷ್’, ಮಾನಸಗಂಗೋತ್ರಿಯಲ್ಲೇ ಇದೆ. ಕಿವಿ ಪರೀಕ್ಷೆಯಿಂದ ಕಲಿಕಾ ನ್ಯೂನತೆಯ ಮೌಲ್ಯಮಾಪನದವರೆಗೆ ಇಲ್ಲಿ ನಡೆಯುತ್ತದೆ. ಹುಲ್ಲಹಳ್ಳಿಯಲ್ಲಿ ಸಂಸ್ಥೆ ತನ್ನ ಹೊರಸೇವಾ ಕೇಂದ್ರವನ್ನೂ ತೆರೆದಿದೆ. ಹೋಗುವ ಮೊದಲು ಯಾವ ದಿನ, ಯಾವ ಸೇವೆ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಶಿಕ್ಷಕರನ್ನು ಶಾಲೆಯ ಮೂಲಕವೇ ಸಂಪರ್ಕಿಸಬಹುದು. ಮೌಲ್ಯಮಾಪನವನ್ನು ಮಗುವಿಗೆ ಗೊತ್ತಿರುವ ಭಾಷೆಯಲ್ಲೇ ಮಾಡಲು ಕೇಳಿ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ ಎಂಬ ಪರೀಕ್ಷೆ ಕನ್ನಡದಲ್ಲೂ ಇದೆ.

ಯಾವುದನ್ನು ನಂಬಬಾರದು?

ಡಿಸ್ಲೆಕ್ಸಿಯಾ ವಾಸಿಮಾಡುವ ಮಾತ್ರೆಯಾಗಲೀ ಟಾನಿಕ್ ಆಗಲೀ ಇಲ್ಲ. ಕಣ್ಣಿನ ವ್ಯಾಯಾಮ, ಬಣ್ಣದ ಕನ್ನಡಕದಿಂದ ಅದು ಹೋಗುತ್ತದೆ ಎನ್ನಲು ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2009ರಲ್ಲೇ ಹೇಳಿದೆ. ‘ದೊಡ್ಡವನಾದರೆ ತಾನೇ ಸರಿಹೋಗುತ್ತಾನೆ’ ಎಂಬುದೂ ಸುಳ್ಳು ಭರವಸೆ. ಕಾದಷ್ಟೂ ಅಂತರ ಹೆಚ್ಚುತ್ತದೆ. ಬೇಗ ಶುರುಮಾಡಿದರೆ ಓದು ಖಂಡಿತ ಸುಧಾರಿಸುತ್ತದೆ.

ಪರೀಕ್ಷೆ, ಪ್ರಮಾಣಪತ್ರಕ್ಕೆ ತಿಂಗಳುಗಳು ಹಿಡಿಯಬಹುದು. ಆ 20 ನಿಮಿಷದ ಪಾಠ ಅಲ್ಲಿಯವರೆಗೆ ಕಾಯಬೇಕಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ‘ನನ್ನ ಮಗು ಓದಲು ಎಲ್ಲಿ ಎಡವುತ್ತದೆ?’ ಎಂದು ಕೇಳಿ ನೋಡಿ. ‘ಎಷ್ಟು ಮಾರ್ಕ್ಸ್?’ ಎನ್ನುವುದಕ್ಕಿಂತ ಹೆಚ್ಚು ಉಪಯೋಗದ ಪ್ರಶ್ನೆ ಅದು. ಈ ಲೇಖನವನ್ನು ಫಾರ್ವರ್ಡ್ ಮಾಡುವುದಾದರೆ ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಗುಂಪಿಗೆ ಮೊದಲು ಕಳಿಸಿ.