ಕತ್ತಲಲ್ಲಿ ಹೊಳೆಯುವ ಕದಿರುಗಳು

ಮೊಸಾಯಿಕ್ ರೋಗ ಹತ್ತಿದ ಹೊಗೆಸೊಪ್ಪಿನ ಎಲೆ. ದಟ್ಟ ಹಸಿರಿಗೆ ತಿಳಿಹಸಿರಿನ ತೇಪೆ ಹಾಕಿದಂತಿದೆ. ಇಂಥ ಎಲೆಗಳನ್ನು ಅರೆದು, ರಸ ಹಿಂಡಿ, ಮತ್ತೆ ಮತ್ತೆ ಶುದ್ಧಿ ಮಾಡಿದರೆ ಕೊನೆಗೆ ಉಳಿಯುವುದು ಮಬ್ಬು ಮಬ್ಬಾದ ಒಂದಿಷ್ಟು ದ್ರವ. ಅದು ತಕ್ಕಷ್ಟು ಗಟ್ಟಿಯಾಗಿದ್ದರೆ, ಗಾಜಿನ ನಳಿಕೆಯಲ್ಲಿ ಅಲುಗಿಸದೆ ಇಟ್ಟಾಗ ಎರಡು ಪದರವಾಗಿ ನಿಲ್ಲುತ್ತದೆ. ಒಂದಕ್ಕೊಂದು ಅಡ್ಡವಾಗಿ ಹಿಡಿದ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ನೋಡಿದರೆ ಮೇಲಿನ ಪದರ ಕಪ್ಪು, ಕೆಳಗಿನದು ಹೊಳಪು. ನಳಿಕೆಯನ್ನು ತುಸು ಓರೆ ಮಾಡಿದರೆ ಸಾಕು, ಮೇಲಿನ ಕತ್ತಲಲ್ಲೂ ಬೆಳಕಿನ ಎಳೆಗಳು ಹರಿಯುತ್ತವೆ. ದ್ರವ ನಿಂತೊಡನೆ ನಂದುತ್ತವೆ. 1936ರಲ್ಲಿ ಬಾಡೆನ್, ಪಿರಿ, ಬರ್ನಾಲ್, ಫ್ಯಾನ್‌ಕುಚೆನ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಗೆ ಬರೆದದ್ದು ಈ ದ್ರವದ ಬಗ್ಗೆಯೇ.

ಅದರೊಳಗೆ ಇರುವುದು ಆ ರೋಗ ತರುವ ವೈರಸ್. ಒಂದೊಂದೂ ಸುಮಾರು 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಕಡ್ಡಿ. ಉದ್ದಕ್ಕೂ ದಪ್ಪಕ್ಕೂ ಇರುವ ಅನುಪಾತ ಒಂದಿಷ್ಟು ಸವೆದ ಪೆನ್ಸಿಲ್ಲಿನದೇ ಅನ್ನಿ.

ಈಗ ಈ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ, ಹಾಗೆಯೇ ಅಡ್ಡವಾಗಿ ಹಿಡಿದ ಪೋಲರಾಯ್ಡ್‌ಗಳ ನಡುವೆ ಇಡೋಣ. ಅಮಾವಾಸ್ಯೆಯಂಥ ಕತ್ತಲು. ಅದರಲ್ಲಿ ಅಲ್ಲೊಂದು ಇಲ್ಲೊಂದು ಬೆಳಕಿನ ಕದಿರು: ನಡು ಉಬ್ಬು, ಎರಡು ತುದಿಯೂ ಚೂಪು. ಪೀಠವನ್ನು ಮೆಲ್ಲಗೆ ತಿರುಗಿಸಿದರೆ ಕದಿರು ಮಂಕಾಗುತ್ತದೆ, ಮತ್ತೆ ಬೆಳಗುತ್ತದೆ. ಮಳೆಹನಿಯಾಗಿದ್ದರೆ ದುಂಡಗಿರುತ್ತಿತ್ತು. ಇಲ್ಲಿ ಒಳಗಿನ ಕಡ್ಡಿಗಳೆಲ್ಲ ಒಂದೇ ದಿಕ್ಕಿಗೆ ಮಲಗಿವೆ, ಬಾಗಲು ಒಲ್ಲವು. ಅಂಚಿನವು ಮಾತ್ರ ಅಂಚನ್ನೇ ಅನುಸರಿಸಿ ತುದಿಯತ್ತ ಕೂಡಿಕೊಳ್ಳುತ್ತವೆ. ಈ ಕಿರುಹನಿಗೆ ಕದಿರಿನ ರೂಪ ಬರುವುದು ಹಾಗೆ. ಇಂಥ ಕದಿರನ್ನು ಟ್ಯಾಕ್ಟಾಯ್ಡ್ ಎನ್ನುತ್ತಾರೆ. ಜೋಕರ್ ಎಂಬ ಜರ್ಮನ್ ವಿಜ್ಞಾನಿ ವನೇಡಿಯಮ್ ಪೆಂಟಾಕ್ಸೈಡ್ ದ್ರಾವಣದಲ್ಲಿ ಇವನ್ನು ಕಂಡು 1925ರಲ್ಲೇ ಬರೆದಿದ್ದರು.

ಈ ಕಡ್ಡಿಗಳನ್ನು ಯಾವ ಅಂಟೂ ಹಿಡಿದಿಟ್ಟಿಲ್ಲ. ಒಂದೇ ಬಗೆಯ ವಿದ್ಯುದಾವೇಶ ಹೊತ್ತ ಇವು ಒಂದನ್ನೊಂದು ದೂರ ತಳ್ಳುತ್ತವೆ. ಹಾಗಿದ್ದೂ ಸಾಲುಗಟ್ಟುತ್ತವೆ! 1949ರಲ್ಲಿ ಆನ್‌ಸೇಗರ್ ಎಂಬ ವಿಜ್ಞಾನಿ ಕೊಟ್ಟ ಉತ್ತರ ನನಗೆ ಇವತ್ತಿಗೂ ರೋಮಾಂಚನ ತರುತ್ತದೆ. ಇಕ್ಕಟ್ಟಿನಲ್ಲಿ ಅಡ್ಡಾದಿಡ್ಡಿ ಬಿದ್ದ ಕಡ್ಡಿ ಪಕ್ಕದ್ದರ ಜಾಗ ಕಸಿಯುತ್ತದೆ. ಎಲ್ಲವೂ ಒಂದೇ ದಿಕ್ಕಿಗೆ ಹೊರಳಿದರೆ ತಿರುಗುವ ಸ್ವಾತಂತ್ರ್ಯ ಹೋಗುತ್ತದೆ, ಜಾರಾಡುವ ಜಾಗ ಅದಕ್ಕೂ ಮೀರಿ ಸಿಗುತ್ತದೆ. ಡಬ್ಬಿಗೆ ಸುರಿದ ಊದಿನಕಡ್ಡಿಗಳನ್ನು ಕುಲುಕಿ ನೋಡಿದವರಿಗೆ ಇದರ ಸುಳಿವು ಸಿಕ್ಕೀತು.

ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ ಲಂಡನ್ನಿನಲ್ಲಿ ಈ ಸಾಲುಗಟ್ಟಿದ ವೈರಸ್ಸಿನ ಮೂಲಕವೇ ಎಕ್ಸ್‌-ರೇ ಹಾಯಿಸಿ ಅದರ ಒಳರಚನೆಯನ್ನು ಓದಿದರು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಜೊತೆಗಾರರು, ಕಡ್ಡಿಯೇ ಬೇಕೆಂದಿಲ್ಲ, ಬಿಲ್ಲೆಯಂಥ ಅಣುಗಳೂ ಹೀಗೆ ಸಾಲುಗಟ್ಟಿಯೂ ಹರಿಯುವ ದ್ರವ, ಅಂದರೆ ದ್ರವಸ್ಫಟಿಕ, ಆಗುತ್ತವೆ ಎಂದು ತೋರಿಸಿದರು.

ಕಣ್ಣು ಮತ್ತೆ ಹನಿಯ ಮೇಲೆ. ಎರಡು ಕದಿರುಗಳು ಹತ್ತಿರ ಬರುತ್ತಿವೆ. ಪಕ್ಕಕ್ಕೆ ಪಕ್ಕ ತಾಗಿದವು. ನಡುವಿನ ಕಪ್ಪು ಗೆರೆ ತೆಳುವಾಯಿತು, ಅಳಿಸಿತು. ಈಗ ಒಂದೇ ದೊಡ್ಡ ಕದಿರು, ಮೆಲ್ಲಗೆ ತಳಕ್ಕೆ ಇಳಿಯುತ್ತಿದೆ.