ಮಗ್ಗವಿಲ್ಲದ ಬಟ್ಟೆ: ಕೈಯಾರೆ ಫೆಲ್ಟ್ ಕಲಿಯುವ ಬಗೆ

ಕಂಬಳಿ ಹೇಗಾಗುತ್ತದೆಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಕುರಿಯ ಉಣ್ಣೆ ಕತ್ತರಿಸಬೇಕು, ಹಿಂಜಬೇಕು, ನೂಲಬೇಕು, ಹುಣಸೆ ಬೀಜದ ಗಂಜಿ ಕೊಡಬೇಕು, ಮಗ್ಗಕ್ಕೆ ಏರಿಸಿ ನೇಯಬೇಕು. ಫೆಲ್ಟ್ ಈ ದಾರಿಯಲ್ಲಿ ಹಿಂಜುವ ತನಕ ಮಾತ್ರ ಜೊತೆಗೆ ಬರುತ್ತದೆ. ಅಲ್ಲಿಂದಾಚೆ ಅದಕ್ಕೆ ನೂಲೂ ಬೇಡ, ಮಗ್ಗವೂ ಬೇಡ. ಬಿಸಿನೀರು, ಸೋಪು, ಎರಡು ಕೈ ಇದ್ದರೆ ಹಿಂಜಿದ ಉಣ್ಣೆ ಜಡೆಗಟ್ಟಿ ತಾನೇ ಬಟ್ಟೆಯಾಗುತ್ತದೆ. ಶಾಲೆಯ ಪ್ರಾಜೆಕ್ಟಿಗೆಂದು ಸ್ಟೇಷನರಿ ಅಂಗಡಿಯಲ್ಲಿ ಕೊಳ್ಳುವ ಬಣ್ಣದ ಫೆಲ್ಟ್ ಹಾಳೆಯನ್ನು ಇಲ್ಲಿ ಮರೆತುಬಿಡಿ. ಅದು ಬಹುಪಾಲು ಪಾಲಿಯೆಸ್ಟರ್, ಕಾರ್ಖಾನೆಯ ಸರಕು.

ಉಣ್ಣೆಯ ಪ್ರತಿ ಎಳೆಯ ಮೈಮೇಲೂ ಬರಿಗಣ್ಣಿಗೆ ಕಾಣದ ಹುರುಪೆಗಳಿವೆ. ಎಲ್ಲವೂ ಬುಡದಿಂದ ತುದಿಯ ಕಡೆಗೆ ಮುಖಮಾಡಿ ಕೂತಿರುತ್ತವೆ. ಬಿಸಿನೀರು ಮತ್ತು ಸೋಪು ತಗುಲಿದಾಗ ಎಳೆ ಮೆತ್ತಗಾಗುತ್ತದೆ, ಹುರುಪೆಗಳು ಸ್ವಲ್ಪ ಏಳುತ್ತವೆ. ಆಗ ಉಜ್ಜಿದರೆ ಎಳೆ ತನ್ನ ಬುಡದ ದಿಕ್ಕಿಗಷ್ಟೇ ಸರಿಯುತ್ತದೆ. ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ಹೀಗೆ ಸಾವಿರಾರು ಎಳೆಗಳು ಒಂದರೊಳಗೊಂದು ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತವೆ. ಒಮ್ಮೆ ಕುಗ್ಗಿ ಗಟ್ಟಿಯಾದ ಫೆಲ್ಟನ್ನು ಬಿಡಿಸಿ ಮತ್ತೆ ಉಣ್ಣೆ ಮಾಡಲು ಬಾರದಿರುವುದು ಇದೇ ಕಾರಣಕ್ಕೆ. ಹತ್ತಿಗಾಗಲಿ ರೇಷ್ಮೆಗಾಗಲಿ ಈ ಹುರುಪೆ ಇಲ್ಲ, ಅವು ತಾವಾಗಿ ಜಡೆಗಟ್ಟುವುದಿಲ್ಲ. ಆದರೆ ತೆಳು ರೇಷ್ಮೆಯ ಮೇಲೆ ಉಣ್ಣೆ ಹರಡಿ ಉಜ್ಜಿದರೆ ಉಣ್ಣೆಯ ಎಳೆಗಳು ರೇಷ್ಮೆಯ ಸಂದುಗಳಲ್ಲಿ ತೂರಿ ಅದನ್ನೂ ಹಿಡಿದುಕೊಳ್ಳುತ್ತವೆ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಪಾಲಿ ಸ್ಟರ್ಲಿಂಗ್ ರೂಪಿಸಿದ ‘ನೂನೊ’ ವಿಧಾನದ ಗುಟ್ಟು ಇದು. ಇವತ್ತು ಕಾರ್ಯಾಗಾರಗಳಲ್ಲಿ ಹೆಚ್ಚು ಜನ ಕೇಳಿ ಕಲಿಯುವ ಸ್ಕಾರ್ಫ್ ಮಾಡುವುದೂ ಹೀಗೆಯೇ.

ಕಾರ್ಯಾಗಾರಕ್ಕೆ ಹೋದವರಿಗೆ ಮೊದಲು ಹೇಳುವ ಮಾತು, ಬಳೆ ಉಂಗುರ ತೆಗೆದಿಡಿ ಎಂದು. ಒದ್ದೆ ಉಣ್ಣೆ ಅವಕ್ಕೆ ಸಿಕ್ಕಿಕೊಂಡರೆ ಹರಡಿದ್ದೆಲ್ಲ ಕಿತ್ತು ಬರುತ್ತದೆ. ಆಮೇಲೆ ಕೈಗೆ ಬರುವುದು ಹಗ್ಗದಂತೆ ಉದ್ದಕ್ಕೆ ಬಾಚಿದ ಮೆರಿನೊ ಉಣ್ಣೆ, ಸಾಮಾನ್ಯವಾಗಿ 18ರಿಂದ 22 ಮೈಕ್ರಾನ್ ದಪ್ಪದ್ದು. ನುಣುಪಾದಷ್ಟೂ ಬೇಗ ಜಡೆಗಟ್ಟುತ್ತದೆ, ಅದಕ್ಕೇ ಹೊಸಬರಿಗೆ ಅದನ್ನು ಕೊಡುತ್ತಾರೆ. ಈ ಉಣ್ಣೆಯಿಂದ ತೆಳ್ಳಗೆ ಒಂದು ಎಳೆಗುಚ್ಛ ಎಳೆಯುವುದೇ ಮೊದಲ ಪಾಠ. ಎರಡೂ ಕೈ ಹತ್ತಿರ ಹಿಡಿದು ಜಗ್ಗಿದರೆ ಎಷ್ಟು ಬಲ ಹಾಕಿದರೂ ಬರುವುದಿಲ್ಲ, ಏಕೆಂದರೆ ಒಂದೇ ಎಳೆಯ ಎರಡು ತುದಿಗಳನ್ನೂ ನೀವೇ ಹಿಡಿದಿರುತ್ತೀರಿ. ಕೈಗಳ ನಡುವೆ ಒಂದು ಗೇಣು ಬಿಟ್ಟು, ತುದಿಯನ್ನು ಬೆರಳಿನಲ್ಲಿ ಹಗುರಾಗಿ ಒತ್ತಿ ಎಳೆದರೆ ಜೇಡರ ಬಲೆಯಷ್ಟು ತೆಳ್ಳಗೆ ಬಿಡಿಸಿಕೊಂಡು ಬರುತ್ತದೆ.

ಆ ಗುಚ್ಛಗಳನ್ನು ಸಾಲಾಗಿ, ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ ಹರಡಬೇಕು. ಮೊದಲ ಪದರ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ, ಮತ್ತೆ ಉದ್ದಕ್ಕೆ. ಎಳೆ ಯಾವ ದಿಕ್ಕಿಗೆ ಮಲಗಿದೆಯೋ ಬಟ್ಟೆ ಆ ದಿಕ್ಕಿಗೆ ಹೆಚ್ಚು ಕುಗ್ಗುವುದರಿಂದ, ಒಂದೇ ದಿಕ್ಕಿಗೆ ಹರಡಿದ ಚೌಕ ಕೊನೆಗೆ ಚೌಕವಾಗಿ ಉಳಿಯುವುದಿಲ್ಲ. ಎರಡು ದಪ್ಪ ಪದರಕ್ಕಿಂತ ನಾಲ್ಕು ತೆಳು ಪದರ ಯಾವತ್ತೂ ಮೇಲು. ಅಂಗೈಯಿಂದ ಮೆಲ್ಲಗೆ ತಡವಿ ನೋಡಿದರೆ ಎಲ್ಲಿ ಪೊಳ್ಳಿದೆ ಎಂದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ.

ಹರಡಿದ ಉಣ್ಣೆಯ ಮೇಲೆ ಸೊಳ್ಳೆ ಪರದೆಯ ತುಂಡು ಹೊದಿಸಿ, ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಿಂದ ಸೋಪಿನ ಬಿಸಿನೀರು ಚಿಮುಕಿಸುತ್ತಾರೆ. ಸಾದಾ ಬಾರ್ ಸೋಪು ತುರಿದು ಕರಗಿಸಿದರೆ ಸಾಕು. ಬಟ್ಟೆ ತೊಳೆಯುವ ಪುಡಿ ಬೇಡ, ನೊರೆ ಹೆಚ್ಚಾಗಿ ಎಳೆಗಳು ತೇಲಿಬಿಡುತ್ತವೆ. ಈಗ ಒತ್ತಬೇಕು, ಉಜ್ಜಬಾರದು. ಒಳಗಿನ ಗಾಳಿ ಹೋಗಿ ಉಣ್ಣೆ ಚಪ್ಪಟೆಯಾಗಿ ಕೂತ ಮೇಲೆ, ಬೆರಳ ತುದಿಯ ಭಾರವಷ್ಟೇ ಹಾಕಿ ಸುತ್ತಾಗಿ ತಡವುತ್ತ ಹೋಗಬೇಕು. ಹೊಸಬರ ಕೆಲಸ ಕೆಡುವುದು ಹೆಚ್ಚಾಗಿ ಈ ಹತ್ತು ಹದಿನೈದು ನಿಮಿಷದಲ್ಲಿ. ಆತುರಕ್ಕೆ ಗಟ್ಟಿಯಾಗಿ ಉಜ್ಜಿದರೆ ಪದರಗಳು ಜರುಗಿ ನಡುವೆ ತೂತು ಬೀಳುತ್ತದೆ. ವಿಡಿಯೊ ನೋಡಿ ಕಲಿಯಲು ಬಾರದ ಭಾಗವೂ ಇದೇ. ಪರದೆಯಲ್ಲಿ ಕೈ ಕಾಣುತ್ತದೆಯೇ ಹೊರತು ಕೈಯ ಭಾರ ಕಾಣುವುದಿಲ್ಲ. ಕಲಿಸುವವರು ನಿಮ್ಮ ಕೈಮೇಲೆ ಕೈಯಿಟ್ಟು “ಇಷ್ಟು, ಇಷ್ಟೇ” ಎಂದು ತೋರಿಸಿದಾಗ ಅರ್ಧ ವಿದ್ಯೆ ಬಂದಂತೆ.

ಆಮೇಲೆ ಚಿವುಟಿ ನೋಡುವ ಪರೀಕ್ಷೆ. ಹೆಬ್ಬೆರಳು ತೋರುಬೆರಳಿನಲ್ಲಿ ಮೇಲ್ಮೈಯನ್ನು ಹಿಡಿದೆತ್ತಬೇಕು. ಬಿಡಿ ಎಳೆಗಳು ಕೂದಲಿನಂತೆ ಎದ್ದುಬಂದರೆ ಇನ್ನೂ ಉಜ್ಜಬೇಕು. ಎಳೆ ಬಾರದೆ ಇಡೀ ಹಾಳೆ ಗುಡಾರದಂತೆ ಏಳತೊಡಗಿದರೆ ಹದ ಬಂದಿದೆ. ಈಗ ಅದನ್ನು ಬಿದಿರಿನ ಚಾಪೆಯಲ್ಲಿ ಸುರುಳಿ ಸುತ್ತಿ ಮುಂದಕ್ಕೆ ಹಿಂದಕ್ಕೆ ಉರುಳಿಸುತ್ತಾರೆ, ನೂರು ಸಲ. ಬಿಡಿಸಿ, ಕಾಲು ಸುತ್ತು ತಿರುಗಿಸಿ, ಮತ್ತೆ ನೂರು. ಹೀಗೆ ನಾಲ್ಕೂ ಕಡೆಯಿಂದ ಆಗಬೇಕು. ಕೊನೆಗೆ ಮೆದುತನಕ್ಕೆ ಜಾಗವೇ ಇಲ್ಲ: ಕೈಗೆ ತಡೆಯುವಷ್ಟು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ನಾದಿ, ಮೇಜಿಗೆ ಎತ್ತಿ ಬಡಿಯುತ್ತಾರೆ. ಕಣ್ಣೆದುರಿಗೇ ಹಾಳೆ ಕುಗ್ಗಿ ದಪ್ಪವಾಗಿ ಮೈಯೆಲ್ಲ ಸಣ್ಣ ಸಣ್ಣ ಗುಳಿ ಮೂಡುತ್ತದೆ. ಸೋಪು ಹೋಗುವ ತನಕ ಜಾಲಿಸಿ, ಕಡೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿ, ಆಕಾರಕ್ಕೆ ಎಳೆದು ನೆರಳಲ್ಲಿ ಒಣಗಿಸಿದರೆ ಮುಗಿಯಿತು. ಭುಜ ಮತ್ತು ಬೆನ್ನಿಗೆ ಇದು ಚೆನ್ನಾಗಿಯೇ ತಾಗುವ ಕೆಲಸ. ಮೇಜು ಗಿಡ್ಡವಿದ್ದರೆ ಮರುದಿನ ಏಳುವುದು ಕಷ್ಟ.

ಇಷ್ಟೂ ಕೆಲಸದಲ್ಲಿ ಲೆಕ್ಕ ಬೇಡುವುದು ಒಂದೇ ಸಂಗತಿ, ಕುಗ್ಗುವಿಕೆ. 30 ಸೆಂ.ಮೀ. ಚೌಕ ಹರಡಿ ಮಾಡಿದ ತುಂಡು ಒಣಗಿದ ಮೇಲೆ 20 ಸೆಂ.ಮೀ. ಆಯಿತೆನ್ನಿ. 30ನ್ನು 20ರಿಂದ ಭಾಗಿಸಿದರೆ 1.5. ಅದೇ ಉಣ್ಣೆಯಲ್ಲಿ, ಅಷ್ಟೇ ಪದರದಲ್ಲಿ 24 ಸೆಂ.ಮೀ. ಅಗಲದ ಚೀಲ ಬೇಕಿದ್ದರೆ 24 ಗುಣಿಸು 1.5, ಅಂದರೆ 36 ಸೆಂ.ಮೀ. ಅಗಲಕ್ಕೆ ಹರಡಬೇಕು. ಈ ಸಂಖ್ಯೆ ಉಣ್ಣೆಯಿಂದ ಉಣ್ಣೆಗೆ, ಪದರದಿಂದ ಪದರಕ್ಕೆ, ಕೈಯಿಂದ ಕೈಗೆ ಬದಲಾಗುತ್ತದೆ. ಹಾಗಾಗಿ ಯಾವ ಕಾರ್ಯಾಗಾರ ಆರಿಸಬೇಕೆಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಮೊದಲು ಸಣ್ಣ ತುಂಡು ಮಾಡಿಸಿ, ಅಳೆಸಿ, ತೂಕ ಬರೆಸುವ ಕಡೆಗೆ ಹೋಗಿ. ಬಂದವರ ಕೈಗೆ ಮೂರು ಗಂಟೆಯಲ್ಲಿ ಚಂದದ ಸ್ಕಾರ್ಫ್ ಕೊಟ್ಟು ಕಳಿಸುವ ತರಗತಿಗಳಲ್ಲಿ ಹರಡುವ ಕೆಲಸವನ್ನು ಅವರೇ ಅರ್ಧ ಮಾಡಿಟ್ಟಿರುತ್ತಾರೆ. ಫೋಟೊಗೆ ಅದು ಸರಿ, ಮನೆಗೆ ಬಂದು ಮತ್ತೊಂದು ಮಾಡಲು ಕೂತಾಗ ಕೈ ಓಡುವುದಿಲ್ಲ.

ಹೊಲಿಗೆಯಿಲ್ಲದ ಚೀಲ, ಟೋಪಿ, ಮನೆಯೊಳಗಿನ ಚಪ್ಪಲಿ ಮಾಡಲು ಎರಡು ದಿನವಾದರೂ ಬೇಕು. ನೀರು ಹೀರದ ಪ್ಲಾಸ್ಟಿಕ್ ಹಾಳೆಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅದರ ಎರಡೂ ಬದಿಗೆ ಉಣ್ಣೆ ಹೊದಿಸಿ, ಅಂಚಿನ ಎಳೆಗಳನ್ನು ಆಚೆ ಬದಿಗೆ ಮಡಚುತ್ತಾರೆ. ನಡುವೆ ಹಾಳೆ ಇರುವುದರಿಂದ ಎರಡು ಬದಿ ಒಂದಕ್ಕೊಂದು ಅಂಟುವುದಿಲ್ಲ, ಅಂಚು ಮಾತ್ರ ಕೂಡಿಕೊಳ್ಳುತ್ತದೆ. ಒಳಗಿನ ಹಾಳೆ ಮುದುಡತೊಡಗಿದರೆ ಉಣ್ಣೆ ಕುಗ್ಗುತ್ತಿದೆ ಎಂದರ್ಥ. ಆಗ ಬಾಯಿ ಕತ್ತರಿಸಿ ಹಾಳೆ ಹೊರತೆಗೆದು ನಾದಲು ಶುರುಮಾಡಬೇಕು. ಗೊಂಬೆ ಮಾಡುವ ಒಣ ವಿಧಾನ ಬೇರೆ. ಅಲ್ಲಿ ನೀರಿಲ್ಲ, ಮುಳ್ಳುಗಚ್ಚಿನ ಸೂಜಿಯಿಂದ ಚುಚ್ಚಿ ಚುಚ್ಚಿ ಗಟ್ಟಿ ಮಾಡುತ್ತಾರೆ. ಸೂಜಿ ಓರೆಯಾದರೆ ಮುರಿಯುತ್ತದೆ, ಬೆರಳಿಗೂ ಇಳಿಯುತ್ತದೆ, ಸಣ್ಣ ಮಕ್ಕಳಿಗೆ ಬೇಡ.

ಹವ್ಯಾಸದ ತರಗತಿ ಈಚಿನದು, ಕೆಲಸ ಬಹಳ ಹಳೆಯದು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಜಿರಿಕ್ ಸಮಾಧಿಗಳ ಹಿಮದಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಫೆಲ್ಟ್ ಉಳಿದು ಬಂದಿದೆ. ಫೆಲ್ಟಿನಲ್ಲೇ ಮಾಡಿದ ಹಂಸವೊಂದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹಾಲಯದಲ್ಲಿದೆ. ಕಿರ್ಗಿಸ್ತಾನದ ಹೆಂಗಸರು ಹುಲ್ಲುಕಡ್ಡಿಯ ಚಾಪೆಯ ಮೇಲೆ ಬಣ್ಣದ ಉಣ್ಣೆ ಹರಡಿ, ಬಿಸಿನೀರು ಸುರಿದು, ಸುತ್ತಿ ಕಟ್ಟಿ, ಎಲ್ಲರೂ ಸೇರಿ ತುಳಿದು ಉರುಳಿಸಿ ಹಾಸು ಮಾಡುತ್ತಾರೆ. ಅವರ ಅಲಾ-ಕಿಯಿಜ್ ಮತ್ತು ಶಿರ್ದಾಕ್ ಹಾಸುಗಳ ಕಲೆಯನ್ನು ಯುನೆಸ್ಕೊ 2012ರಲ್ಲಿ ತುರ್ತು ರಕ್ಷಣೆ ಬೇಕಾದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ದೇಶದ ನಮದಾ ಇದೇ ಕುಲದ್ದು. ಕಾಶ್ಮೀರದಲ್ಲಿ ಅದರ ಮೇಲೆ ಆರಿ ಕಸೂತಿ ಹಾಕುತ್ತಾರೆ. ರಾಜಸ್ಥಾನದ ಟೋಂಕ್ ಮತ್ತು ಗುಜರಾತಿನ ಕಚ್‌ನಲ್ಲೂ ಮಾಡುತ್ತಾರೆ. ಕಾಶ್ಮೀರದಲ್ಲಿ ಮಾಡುವವರೇ ಕಡಿಮೆಯಾದಾಗ, 2021ರ ನವೆಂಬರಿನಲ್ಲಿ ಕೇಂದ್ರದ ಕೌಶಲ ವಿಕಾಸ ಯೋಜನೆಯಡಿ ಆರು ಜಿಲ್ಲೆಗಳಲ್ಲಿ ತರಬೇತಿ ಶುರುವಾಯಿತು. ಒಂದು ಸುತ್ತಿಗೆ ಸುಮಾರು ಮೂರೂವರೆ ತಿಂಗಳು, ಒಟ್ಟು ಸುಮಾರು 2,200 ಮಂದಿ ಕಲಿತರು. ಒಂದು ವಾರಾಂತ್ಯದಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬ ಅಂದಾಜಿಗೆ ಈ ಮೂರೂವರೆ ತಿಂಗಳನ್ನು ನೆನಪಿಡುವುದು ಒಳ್ಳೆಯದು. ಕಚ್‌ನಲ್ಲಿ ನಮದಾ ಮಾಡುವವರು ಪಿಂಜಾರರು, ಮನ್ಸೂರಿಗಳು. ನಮ್ಮ ಉತ್ತರ ಕರ್ನಾಟಕದಲ್ಲಿ ಪಿಂಜಾರ, ನದಾಫ ಎಂದರೆ ಗಾದಿಗೆ ಅರಳೆ ಹಿಂಜಿಕೊಡುತ್ತಿದ್ದ ಮನೆತನಗಳು.

ದಖನಿ ಕುರಿಯ ಉಣ್ಣೆಯಲ್ಲಿ ಫೆಲ್ಟ್ ಆಗುತ್ತದೆಯೇ ಎಂದು ನಮ್ಮವರು ಕೇಳದೆ ಇರುವುದಿಲ್ಲ. ಆಗುತ್ತದೆ, ಆದರೆ ಒರಟು ಎಳೆ, ಕೂದಲಿನ ಪಾಲು ಹೆಚ್ಚು, ಜಡೆಗಟ್ಟುವುದು ನಿಧಾನ. ಕುತ್ತಿಗೆಗೆ ಸುತ್ತುವುದಕ್ಕಲ್ಲ, ನೆಲಹಾಸಿಗೆ, ಕೂರುವ ಮಣೆಯ ಮೇಲಿನ ಹಾಸಿಗೆ ಸರಿಹೋಗುತ್ತದೆ. ಸ್ವಲ್ಪ ಮೆರಿನೊ ಬೆರೆಸಿ ಹಿಂಜಿದರೆ ಕೆಲಸ ಬೇಗ ಸಾಗುತ್ತದೆ. ಕುರಿಗಾರರಿಂದ ನೇರ ತಂದರೆ ಮೊದಲು ಜಿಡ್ಡು ಮಣ್ಣು ಹೋಗಬೇಕು: ಸೋಪಿನ ಬಿಸಿನೀರಲ್ಲಿ ಅದ್ದಿ ಸುಮ್ಮನೆ ನೆನೆಯಲು ಬಿಡಿ, ಮೇಲಿಂದ ನಲ್ಲಿ ಬಿಡಬೇಡಿ, ಕೈಯಾಡಿಸಬೇಡಿ. ಆಡಿಸಿದರೆ ಬಕೆಟ್ಟಿನಲ್ಲೇ ಜಡೆಗಟ್ಟಿಬಿಡುತ್ತದೆ.

ಅಂಗಡಿಯಿಂದ ಕೊಳ್ಳುವಾಗ ಲೇಬಲ್ಲಿನಲ್ಲಿ ‘ಸೂಪರ್‌ವಾಶ್’ ಎಂದಿದ್ದರೆ ಬಿಟ್ಟುಬಿಡಿ. ಮೆಷಿನ್ನಿನಲ್ಲಿ ತೊಳೆದರೂ ಕುಗ್ಗದಿರಲೆಂದು ಅದರ ಹುರುಪೆಗಳನ್ನೇ ಸವೆಸಿ ಅಂಟು ಬಳಿದಿರುತ್ತಾರೆ. ಲೇಬಲ್ ಇಲ್ಲದಿದ್ದರೆ ಒಂದು ಚಿಟಿಕೆ ಉಣ್ಣೆ ಕೇಳಿ ಪಡೆಯಿರಿ. ಬಿಸಿನೀರು, ಸೋಪು ತಾಗಿಸಿ ಎರಡು ಅಂಗೈ ನಡುವೆ ನಾಲ್ಕೈದು ನಿಮಿಷ ಉಂಡೆಗಟ್ಟುವಂತೆ ತಿಕ್ಕಿ. ಗಟ್ಟಿ ಗೋಲಿಯಾದರೆ ಕೊಳ್ಳಿ, ಬಿಟ್ಟ ಕೂಡಲೇ ಮತ್ತೆ ಹರಡಿಕೊಂಡರೆ ಬೇಡ.