ಬಿಲ್ಲು ಸೊನ್ನೆ, ಸೆಕೆ ಹಾಗೆಯೇ

ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಪತ್ರಾಸ್ ಹೊದಿಸಿದ ಮನೆಯೊಳಗೆ ಮಧ್ಯಾಹ್ನ ಕೂರಲಾಗುವುದಿಲ್ಲ. ತೆಳ್ಳನೆಯ ಆರ್‌ಸಿಸಿ ಮನೆಯದು ಇನ್ನೊಂದು ಬಗೆಯ ಕಷ್ಟ: ಹಗಲೆಲ್ಲ ಹೀರಿದ ಕಾವನ್ನು ಅದು ರಾತ್ರಿ ಮಲಗಿದವರ ಮೇಲೆ ಬಿಡುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗಿನ ಮಿತಿಯಲ್ಲಿ ಇಂಥ ಮನೆಗಳ ಬಿಲ್ಲನ್ನು ಸೊನ್ನೆ ಮಾಡಿತು. ಕೂಲಿ ನಂಬಿದ ಸಂಸಾರಕ್ಕೆ ಅದು ಸಣ್ಣ ನೆಮ್ಮದಿಯಲ್ಲ. ಆದರೆ ಬಿಲ್ಲು ಕಟ್ಟುವ ಕೈ ಬದಲಾಯಿತೇ ಹೊರತು, ಕರೆಂಟು ಪೋಲಾಗುವುದೂ ನಿಲ್ಲಲಿಲ್ಲ, ಮನೆಯೂ ತಂಪಾಗಲಿಲ್ಲ. ಯೂನಿಟ್‌ಗೆ ಕೊಡುವ ಸಹಾಯಧನದ ಒಂದು ಪಾಲು ಫ್ಯಾನಿಗೂ ಚಾವಣಿಗೂ ಹೋಗಬೇಕು. ಬಡವರ ಮನೆಗೂ ಸರ್ಕಾರದ ಬೊಕ್ಕಸಕ್ಕೂ ಒಟ್ಟಿಗೆ ಲಾಭವಾಗುವ ದಾರಿ ಅದು.

ಮೊದಲು ಫ್ಯಾನನ್ನೇ ನೋಡೋಣ. ಹಳೆಯ ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿ ಸುಮಾರು 75 ವಾಟ್ ಎಳೆಯುತ್ತದೆ. ಗೋಡೆಯ ಮೇಲಿನ ಹಳೇ ಕಾಲದ ದಪ್ಪ ರೆಗ್ಯುಲೇಟರನ್ನು ಒಂದೆರಡು ಗಂಟೆ ಬಿಟ್ಟು ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ವೇಗ ತಗ್ಗಿಸಿದಾಗ ಉಳಿಯಬೇಕಿದ್ದ ಕರೆಂಟಿನಲ್ಲಿ ಒಂದಷ್ಟು ಅಲ್ಲೇ ಶಾಖವಾಗಿ ಹೋಗುತ್ತಿದೆ ಎಂದರ್ಥ. ಹೊಸ ಬಗೆಯ ಬಿಎಲ್‌ಡಿಸಿ (ಬ್ರಶ್‌ಲೆಸ್ ಡಿಸಿ) ಫ್ಯಾನಿನ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಶಾಶ್ವತ ಅಯಸ್ಕಾಂತ ಕೂರಿಸಿರುತ್ತಾರೆ. ಹೆಚ್ಚುಕಡಿಮೆ ಅಷ್ಟೇ ಗಾಳಿಯನ್ನು ಅದು 30 ವಾಟ್ ಆಸುಪಾಸಿನಲ್ಲಿ ಕೊಡುತ್ತದೆ. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಓಡಿದರೆ ಒಂದು ಫ್ಯಾನಿನಿಂದ ಸುಮಾರು 160 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ 950 ರೂಪಾಯಿ ದಾಟಿತು. ಅಂಗಡಿಯಲ್ಲಿ ಈ ಫ್ಯಾನಿಗೆ ಎರಡೂವರೆ, ಮೂರು ಸಾವಿರ ರೂಪಾಯಿ. ಮೂರು ವರ್ಷದೊಳಗೋ ಅದರ ಆಚೀಚೆಗೋ ಅಸಲು ಮರಳುತ್ತದೆ. ಆದರೆ ಯಾರಿಗೆ? ಬಿಲ್ಲು ಸೊನ್ನೆ ಇರುವ ಮನೆಗೆ ಒಂದು ಪೈಸೆಯೂ ಉಳಿಯುವುದಿಲ್ಲ. ಉಳಿಯುವುದು ಆ ಬಿಲ್ಲು ತುಂಬುವ ಸರ್ಕಾರಕ್ಕೆ. ಲಾಭ ಪಡೆಯುವವರೇ ಬಂಡವಾಳ ಹಾಕಬೇಕು ಎಂಬುದು ದಾನದ ಮಾತಲ್ಲ, ವ್ಯಾಪಾರದ ಮಾತು.

ಬಡವರಿಗೆ ತಿಳಿವಳಿಕೆ ಸಾಲದು, ಜಾಗೃತಿ ಮೂಡಿಸಿದರೆ ಸಾಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕರೆಂಟು ತಿನ್ನುವ ಫ್ಯಾನು ಯಾವುದೆಂದು ಅವರಿಗೆ ಗೊತ್ತು. ಇಲ್ಲದಿರುವುದು ಒಂದೇ ಸಲ ಎಣಿಸಿಕೊಡಲು ಬೇಕಾದ ಮೂರು ಸಾವಿರ. ಎಲ್‌ಇಡಿ ಬಲ್ಬಿನ ಕಥೆ ಇದಕ್ಕೆ ಸಾಕ್ಷಿ. 2014ರಲ್ಲಿ ಸರ್ಕಾರಿ ಖರೀದಿಯಲ್ಲಿ 310 ರೂಪಾಯಿ ಇದ್ದ ಬಲ್ಬು, ಉಜಾಲಾ ಯೋಜನೆಯಡಿ ಕೋಟಿಗಟ್ಟಲೆ ಒಟ್ಟಿಗೆ ಕೊಂಡಾಗ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ಕರ್ನಾಟಕದಲ್ಲಿ 'ಹೊಸ ಬೆಳಕು' ಎಂಬ ಹೆಸರಿನಲ್ಲಿ ಅದು ಮನೆಮನೆ ತಲುಪಿತು. 60 ವಾಟ್ ಬಲ್ಬು ಹೋಗಿ 9 ವಾಟ್‌ನದು ಬರಲು ಭಾಷಣ ಬೇಕಾಗಲಿಲ್ಲ, ಕೈಗೆಟುಕುವ ಬೆಲೆ ಬೇಕಾಯಿತು. ಫ್ಯಾನಿನ ಬೆಲೆ ಬಲ್ಬಿನಷ್ಟು ಕುಸಿಯಲಾರದು. ಅದರಲ್ಲಿ ತಾಮ್ರವಿದೆ, ಅಯಸ್ಕಾಂತವಿದೆ. ಆದರೂ ಒಟ್ಟಿಗೆ ಕೊಂಡರೆ ಇಳಿಯದೆ ಇರುವುದಿಲ್ಲ.

ಹಳೇ ಫ್ಯಾನು ಗುಜರಿ ಮೂಲಕ ಮತ್ತೊಂದು ಬಡ ಮನೆ ಸೇರಿದರೆ ಲಾಭವೇನು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. 2021ರಲ್ಲಿ ಬಿಹಾರದ ಆರಾದಲ್ಲಿ ಶುರುವಾದ ಗ್ರಾಮ ಉಜಾಲಾದಲ್ಲಿ ಹಳೇ ಬಲ್ಬು ಕೊಟ್ಟವರಿಗೆ 10 ರೂಪಾಯಿಗೆ ಎಲ್‌ಇಡಿ ಕೊಟ್ಟರು. ಫ್ಯಾನಿಗೂ ಅದೇ ಕ್ರಮ ಸಾಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರಿಪೇರಿಯದು. ಹಳೇ ಫ್ಯಾನು ನಿಂತರೆ ಊರಿನ ಎಲೆಕ್ಟ್ರಿಷಿಯನ್ ಕೆಪಾಸಿಟರ್ ಬದಲಿಸಿ ತಿರುಗಿಸುತ್ತಾನೆ, ತೀರಾ ಸುಟ್ಟರೆ ವೈಂಡಿಂಗ್ ಅಂಗಡಿ ಇದೆ. ಬಿಎಲ್‌ಡಿಸಿಯ ಸರ್ಕ್ಯೂಟ್ ಬೋರ್ಡು ಹೋದರೆ ಅವನ ಕೈ ಕಟ್ಟುತ್ತದೆ. ಆದ್ದರಿಂದ ಐದು ವರ್ಷದ ವಾರಂಟಿ, ತಾಲ್ಲೂಕಿಗೊಂದು ಕಡೆ ಬಿಡಿ ಬೋರ್ಡು, ಐಟಿಐಗಳಲ್ಲಿ ಇದರ ತರಬೇತಿ, ಇವು ಖರೀದಿಯ ಷರತ್ತಿನಲ್ಲೇ ಬರಬೇಕು. ಇಲ್ಲವಾದರೆ ಎರಡನೇ ಬೇಸಿಗೆಗೆ ಹೊಸ ಫ್ಯಾನು ಅಟ್ಟ ಸೇರುತ್ತದೆ. ಉಳಿತಾಯವಾದರೆ ಜನ ಹೆಚ್ಚು ಹೊತ್ತು ಫ್ಯಾನು ಹಾಕುತ್ತಾರೆ ಎಂದೂ ಕೆಲವರು ಆಕ್ಷೇಪಿಸುತ್ತಾರೆ. ಹಾಕಲಿ. ಬಾಣಂತಿ, ಹಸುಗೂಸು ಇರುವ ಮನೆಯಲ್ಲಿ ಇನ್ನೆರಡು ಗಂಟೆ ಗಾಳಿ ಬಂದರೆ ಅದನ್ನು ನಷ್ಟದ ಲೆಕ್ಕಕ್ಕೆ ಬರೆಯಬಾರದು.

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸುತ್ತದೆ ಅಷ್ಟೆ. ಚಾವಣಿ ಕಾದು ಕೆಂಡವಾಗಿದ್ದರೆ ಅದು ಮೇಲಿನ ಬಿಸಿಯನ್ನೇ ಕೆಳಕ್ಕೆ ತಳ್ಳುತ್ತದೆ. ಹಾಗಾಗಿ ಚಾವಣಿಯೂ ಬೆಳ್ಳಗಾಗಬೇಕು; ಬಿಳಿ ಬಣ್ಣ ಬಿದ್ದ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಅಹಮದಾಬಾದ್ ನಗರ ಬಡ ಬಡಾವಣೆಗಳಲ್ಲಿ ಇದನ್ನು ಮಾಡಿದೆ. ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿದೆ. ಆರ್‌ಸಿಸಿ ಮೇಲೆ ಸುಣ್ಣ ಹಿಡಿಯುತ್ತದೆ. ತಗಡಿನ ಮೇಲೆ ಹಕ್ಕಳೆ ಎದ್ದು ಉದುರುತ್ತದೆ, ಅಲ್ಲಿಗೆ ಬಿಸಿಲು ಹಿಮ್ಮೆಟ್ಟಿಸುವ ಪೇಂಟೇ ಬೇಕು. ಧೂಳು ಕೂತರೆ ಗುಣ ತಗ್ಗುವುದರಿಂದ ಮತ್ತೆ ಮತ್ತೆ ಬಳಿಯಬೇಕಾಗುತ್ತದೆ. ತೊಡಕಿರುವುದು ಬಾಡಿಗೆ ಮನೆಗಳಲ್ಲಿ. ಮನೆ ಬಿಡುವಾಗ ಫ್ಯಾನನ್ನು ಬಿಚ್ಚಿಕೊಂಡು ಹೋಗಬಹುದು, ಚಾವಣಿಯನ್ನಲ್ಲ. ಸೆಕೆ ಬಾಡಿಗೆದಾರನದು, ಚಾವಣಿ ಮಾಲೀಕನದು. ಪೇಂಟು ಪುಕ್ಕಟೆ ಕೊಡುವಾಗ ಎರಡು ವರ್ಷ ಬಾಡಿಗೆ ಏರಿಸಕೂಡದೆಂದು ಮಾಲೀಕನಿಂದ ಬರೆಸಿಕೊಳ್ಳಬೇಕು, ಮತ್ತು ಬಳಿಯುವ ಕೆಲಸ ಶಿವರಾತ್ರಿಯ ಒಳಗೆ ಮುಗಿದಿರಬೇಕು.